ಸ್ಪ್ರೈಟ್ ಅನಿಮೇಷನ್ ದೋಷಗಳು

ಸ್ಪ್ರೈಟ್ ಅನಿಮೇಷನ್ ದೋಷಗಳು ಎಂದರೆ ಎರಡು ಆಯಾಮದ ವಿಡಿಯೊ ಗೇಮ್‌ಗಳಲ್ಲಿ ಚಲಿಸುವ ಚಿತ್ರವು ಮಿನುಗುವುದು, ನಡುಗುವುದು, ಒಂದೇ ಭಂಗಿಯಲ್ಲಿ ನಿಂತುಬಿಡುವುದು, ಅಂಚಿನಲ್ಲಿ ಬೇಡದ ಗೆರೆ ತೋರುವುದು ಮೊದಲಾದ ತೊಡಕುಗಳು. ಹಿನ್ನೆಲೆಗೆ ಅಂಟಿಕೊಳ್ಳದೆ ಅದರ ಮೇಲೆ ಸ್ವತಂತ್ರವಾಗಿ ಸರಿದಾಡುವ ಚಿಕ್ಕ ಚಿತ್ರವೇ ಸ್ಪ್ರೈಟ್. ಇಂಗ್ಲಿಷಿನಲ್ಲಿ ಈ ಪದಕ್ಕೆ ಕಿನ್ನರಿ ಎಂಬ ಅರ್ಥವೂ ಇದೆ. ನಡಿಗೆ, ಜಿಗಿತ ಮುಂತಾದ ಕ್ರಿಯೆಗಳ ಒಂದೊಂದು ಭಂಗಿಯನ್ನು ಫ್ರೇಮ್ ಎನ್ನುತ್ತಾರೆ. ಫ್ರೇಮ್‌ಗಳನ್ನೆಲ್ಲ ಸಾಲಾಗಿ ಜೋಡಿಸಿದ ದೊಡ್ಡ ಚಿತ್ರ ಸ್ಪ್ರೈಟ್ ಹಾಳೆ. ತಂತ್ರಾಂಶವು ಈ ಹಾಳೆಯಿಂದ ಒಂದೊಂದೇ ಫ್ರೇಮನ್ನು ಕತ್ತರಿಸಿ, ಗೊತ್ತುಪಡಿಸಿದ ಕಾಲಕ್ಕೆ ಪರದೆಯ ಮೇಲೆ ತೋರಿಸುತ್ತದೆ. ಆದುದರಿಂದ ದೋಷವು ಸಾಮಾನ್ಯವಾಗಿ ಕತ್ತರಿಸುವಿಕೆಯಲ್ಲಿ ಇಲ್ಲವೇ ಕಾಲದ ಲೆಕ್ಕದಲ್ಲಿ ಇರುತ್ತದೆ. ಚಿತ್ರ ಬರೆದವರ ಮೇಲೆ ಮೊದಲು ಸಂಶಯಪಡುವುದು ಅನ್ಯಾಯ.

ಆರಂಭದ ಯಂತ್ರಗಳಲ್ಲಿ

ಒಂದು ಕಾಲದಲ್ಲಿ ಮಿನುಗುವಿಕೆಯು ತಪ್ಪಲ್ಲ, ಉಪಾಯವಾಗಿತ್ತು. 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಒಟ್ಟು 64 ಸ್ಪ್ರೈಟ್‌ಗಳನ್ನು ತೋರಿಸಬಲ್ಲದಾಗಿದ್ದರೂ, ಪರದೆಯ ಒಂದು ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಬಂದರೆ ಉಳಿದವು ಕಾಣುತ್ತಿರಲಿಲ್ಲ. ಒಬ್ಬ ಶತ್ರು ಪೂರ್ತಿ ಅದೃಶ್ಯನಾಗುವುದಕ್ಕಿಂತ ಎಲ್ಲರೂ ಸರದಿಯಂತೆ ಕ್ಷಣಕಾಲ ಮರೆಯಾಗುವುದೇ ಲೇಸೆಂದು ಪ್ರೋಗ್ರಾಮರ್‌ಗಳು ಸ್ಪ್ರೈಟ್‌ಗಳ ಕ್ರಮವನ್ನು ಆಗಾಗ ಬದಲಿಸುತ್ತಿದ್ದರು. 1982ರಲ್ಲಿ ಅಟಾರಿ 2600 ಯಂತ್ರಕ್ಕೆ ಬಂದ ಪ್ಯಾಕ್-ಮ್ಯಾನ್ ಆಟದಲ್ಲಿ ನಾಲ್ಕು ಭೂತಗಳು ಹೀಗೆಯೇ ಸರದಿಯಲ್ಲಿ ಮೂಡುತ್ತಿದ್ದವು. ಆ ಮಿನುಗು ಸಾಕಷ್ಟು ಟೀಕೆಗೆ ಗುರಿಯಾಯಿತು. ಇಂದಿನ ಕಂಪ್ಯೂಟರುಗಳಿಗೆ ಇಂಥ ಬಡತನವಿಲ್ಲ. ಈಗ ಸ್ಪ್ರೈಟ್ ಮಿನುಗಿದರೆ, ಒಂದರ ಮೇಲೊಂದು ಬರುವ ಎರಡು ಚಿತ್ರಗಳಿಗೆ ಒಂದೇ ಪದರಸಂಖ್ಯೆ ಕೊಟ್ಟಿರಬಹುದು ಅಥವಾ ಸಾಲಿನ ನಡುವೆ ಖಾಲಿ ಫ್ರೇಮ್ ಸೇರಿರಬಹುದು.

ಕತ್ತರಿಸುವಿಕೆಯ ದೋಷಗಳು

ಆಟವನ್ನು ನಿಲ್ಲಿಸಿ ಒಂದೊಂದೇ ಫ್ರೇಮನ್ನು ಮುಂದೂಡುತ್ತ ನೋಡುವುದು ಮೊದಲ ಪರೀಕ್ಷೆ. ನಿಂತ ಚಿತ್ರದಲ್ಲೂ ದೋಷ ಕಂಡರೆ ಅದು ಕತ್ತರಿಸುವಿಕೆಗೆ ಸೇರಿದ್ದು. 64 ಪಿಕ್ಸೆಲ್ ಅಗಲದ 8 ಫ್ರೇಮ್‌ಗಳ ಸಾಲಿನಲ್ಲಿ ಅಗಲವನ್ನು 63 ಎಂದು ನಮೂದಿಸಿದರೆ, ಎರಡನೆಯ ಫ್ರೇಮ್ 1 ಪಿಕ್ಸೆಲ್, ಎಂಟನೆಯದು 7 ಪಿಕ್ಸೆಲ್ ತಪ್ಪುತ್ತದೆ. ಪಾತ್ರವು ನಡೆಯುತ್ತ ನಡೆಯುತ್ತ ಪಕ್ಕಕ್ಕೆ ಜಾರಿ, ಮತ್ತೆ ಸ್ವಸ್ಥಾನಕ್ಕೆ ಹಾರುತ್ತದೆ. ಹೀಗೆ ಕ್ರಮೇಣ ಬೆಳೆಯದೆ ಯಾವುದೋ ಒಂದೇ ಫ್ರೇಮಿನಲ್ಲಿ ಚಿತ್ರ ಕುಪ್ಪಳಿಸಿದರೆ ಆ ಫ್ರೇಮಿನ ಆಧಾರಬಿಂದು ಬೇರೆಡೆ ಇದೆಯೆಂದು ತಿಳಿಯಬೇಕು. ನಿಂತಿರುವ ಪಾತ್ರಕ್ಕೆ ಆಧಾರಬಿಂದುವನ್ನು ಪಾದದ ಬಳಿ ಇಡುವುದು ವಾಡಿಕೆ.

ಅಂಚಿನ ಗೆರೆಯ ಕಾರಣ ಸ್ವಲ್ಪ ಗೂಢ. ಚಿತ್ರವನ್ನು ಹಿಗ್ಗಿಸುವಾಗ ತಂತ್ರಾಂಶವು ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣವನ್ನು ಬೆರೆಸಿ ನಯಗೊಳಿಸುತ್ತದೆ. ಆಗ ಹಾಳೆಯಲ್ಲಿ ಪಕ್ಕದ ಫ್ರೇಮಿನ ಬಣ್ಣವೂ ಒಳಗೆ ಸೋರುತ್ತದೆ. ಪಿಕ್ಸೆಲ್ ಶೈಲಿಯ ಚಿತ್ರಗಳಿಗೆ ಯೂನಿಟಿಯಲ್ಲಿ ಪಾಯಿಂಟ್, ಗೋಡೋದಲ್ಲಿ ನಿಯರೆಸ್ಟ್ ಎಂಬ ಫಿಲ್ಟರ್ ಆರಿಸುವುದರಿಂದ ಈ ಬೆರಕೆ ನಿಲ್ಲುತ್ತದೆ. ನಯವಾದ ಚಿತ್ರಗಳಲ್ಲಿ ಫ್ರೇಮ್‌ಗಳ ನಡುವೆ ಒಂದೆರಡು ಪಿಕ್ಸೆಲ್ ತೆರವು ಬಿಡಬೇಕಾಗುತ್ತದೆ. ಜೆಪಿಇಜಿ ರೂಪದಲ್ಲಿ ಪಾರದರ್ಶಕತೆಯೇ ಉಳಿಯದ ಕಾರಣ ಹಾಳೆಯನ್ನು ಪಿಎನ್‌ಜಿ ಆಗಿ ಉಳಿಸುವುದು ರೂಢಿ.

ಕಾಲದ ದೋಷಗಳು

ಪ್ರತಿಯೊಂದು ಫ್ರೇಮೂ ಸರಿಯಾಗಿದ್ದು ಚಲನೆ ಮಾತ್ರ ಕೆಟ್ಟಿದ್ದರೆ ಕೋಡನ್ನು ನೋಡಬೇಕು. ಪಾತ್ರವು ಮೊದಲ ಭಂಗಿಯಲ್ಲೇ ನಿಂತು ನೆಲದ ಮೇಲೆ ಜಾರುತ್ತಿದ್ದರೆ, ಅನಿಮೇಷನ್ ಪ್ರತಿ ಸುತ್ತಿನಲ್ಲೂ ಹೊಸದಾಗಿ ಆರಂಭವಾಗುತ್ತಿರುವ ಸಂಭವ ಹೆಚ್ಚು. ಪದ್ಯದ ಮೊದಲ ಪದಕ್ಕೇ ಮರಳಿ ಮರಳಿ ಬರುವ ಮಗುವಿನ ಸ್ಥಿತಿ ಅದರದು. ಯೂನಿಟಿಯಲ್ಲಿ ಎನಿ ಸ್ಟೇಟ್‌ನಿಂದ ಹೊರಟ ಬದಲಾವಣೆಗೆ ಕ್ಯಾನ್ ಟ್ರಾನ್ಸಿಷನ್ ಟು ಸೆಲ್ಫ್ ಎಂಬ ಗುರುತು ಉಳಿದಿದ್ದರೆ ಹೀಗಾಗುತ್ತದೆ. ಗುರುತು ತೆಗೆದರೆ ಸಾಕು. ಗುಂಡಿ ಒತ್ತಿದ ಮೇಲೆ ತಡವಾಗಿ ಭಂಗಿ ಬದಲಾದರೆ ಹ್ಯಾಸ್ ಎಕ್ಸಿಟ್ ಟೈಮ್ ಗುರುತನ್ನು ಪರಿಶೀಲಿಸಬೇಕು. ಗಡಿಯಾರದ ಬದಲು ಪರದೆಯ ಚಿತ್ರಣವನ್ನು ಎಣಿಸಿ ಫ್ರೇಮ್ ಬದಲಿಸುವ ಆಟವು 60 ಹರ್ಟ್ಸ್ ಪರದೆಯಲ್ಲಿ ಸರಿಯಾಗಿದ್ದು, 144 ಹರ್ಟ್ಸ್ ಪರದೆಯಲ್ಲಿ 2.4 ಪಟ್ಟು ವೇಗವಾಗಿ ಓಡಬಹುದು.

ಆಟಗಾರರ ಮೇಲೆ ಪರಿಣಾಮ

ಏಟು ತಗುಲಿತೇ ಇಲ್ಲವೇ ಎಂಬುದನ್ನು ಆಟವು ಚಿತ್ರದಿಂದಲ್ಲ, ಕಣ್ಣಿಗೆ ಕಾಣದ ಒಂದು ಚೌಕದಿಂದ ನಿರ್ಣಯಿಸುತ್ತದೆ. ಚಿತ್ರ ಜಾರಿ ಚೌಕ ಅಲ್ಲೇ ಉಳಿದರೆ, ತಪ್ಪಿಸಿಕೊಂಡಂತೆ ಕಂಡ ಏಟೂ ತಗುಲುತ್ತದೆ. ಆಟಗಾರನು ತನ್ನ ಕೈಯನ್ನೇ ದೂರಿಕೊಳ್ಳುತ್ತಾನೆ. ಇನ್ನು ದೊಡ್ಡ ಚಿತ್ರದ ಮಿನುಗು ಅಂದಗೆಡಿಸುವುದಷ್ಟೇ ಅಲ್ಲ, ಬೆಳಕಿನಿಂದ ಕೆರಳುವ ಅಪಸ್ಮಾರವುಳ್ಳವರಿಗೆ ಅಪಾಯಕಾರಿಯೂ ಹೌದು. ಜಾಲತಾಣಗಳಿಗಾಗಿ ರಚಿತವಾದ ಡಬ್ಲ್ಯುಸಿಎಜಿ ಮಾರ್ಗಸೂಚಿಯು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಏನೂ ಮಿಂಚಬಾರದೆಂದು ಹೇಳುತ್ತದೆ.