ಮನೆಯೊಳಗಿನ ತಿಗರಿ: ಸಲಕರಣೆಗಳ ಆಯ್ಕೆ ಮತ್ತು ಆರೋಗ್ಯದ ಎಚ್ಚರ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಡಕೆಯೊಂದು ರೂಪು ತಳೆಯಲು ಬೇಕಾಗುವ ತಾಳ್ಮೆಯನ್ನೂ ಅದು ಒಡೆದುಹೋಗುವ ಸುಲಭತೆಯನ್ನೂ ಈ ಗಾದೆ ಒಟ್ಟಿಗೆ ಹೇಳುತ್ತದೆ. ಕುಂಬಾರ ಗುಂಡಯ್ಯನ ಕಥೆಯನ್ನು ಹರಿಹರನು ರಗಳೆಯಾಗಿ ಹಾಡಿದ ಕಾಲದಿಂದಲೂ ಈ ಕಸುಬಿಗೆ ಕನ್ನಡ ನಾಡಿನಲ್ಲಿ ಗೌರವದ ಸ್ಥಾನವಿದೆ. ಈಗ ಮಹಾನಗರಗಳಲ್ಲಿ ನೆಲೆಸಿರುವ ಅನೇಕ ಕುಟುಂಬಗಳಲ್ಲಿ, ಕುಲಕಸುಬಲ್ಲದಿದ್ದರೂ, ಮಣ್ಣಿನ ಕೆಲಸ ಮನಸ್ಸಿಗೆ ವಿಶ್ರಾಂತಿ ಕೊಡುವ ಹವ್ಯಾಸವಾಗಿ ಕಾಲಿರಿಸಿದೆ. ದಿನವಿಡೀ ಕಚೇರಿಯಲ್ಲಿ ದುಡಿದವರು ರಜೆಯ ದಿನ ಕೈ ಕೆಸರು ಮಾಡಿಕೊಂಡು ಸಂತೋಷಪಡುವುದು ಸ್ವಾಗತಾರ್ಹವೇ ಸರಿ.

ಆದರೆ ಹಳ್ಳಿಯ ಕುಂಬಾರನಿಗೂ ನಗರದ ಹವ್ಯಾಸಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಹಳ್ಳಿಯಲ್ಲಿ ತಿಗರಿ ತಿರುಗುವುದು ಅಂಗಳದಲ್ಲಿ, ಆವಿಗೆ ಉರಿಯುವುದು ಬಯಲಿನಲ್ಲಿ. ನಗರದಲ್ಲಿ ಎರಡು ಕೋಣೆಗಳ ಮನೆಯೇ ಕಾರ್ಯಾಗಾರ. ಅದೇ ಗಾಳಿಯನ್ನು ಮಕ್ಕಳೂ ಮುದುಕರೂ ಉಸಿರಾಡಬೇಕು, ಅದೇ ನೆಲದ ಮೇಲೆ ಎಲೆ ಹಾಕಿ ಉಣ್ಣಬೇಕು. ಆದುದರಿಂದ ಯಾವ ಸಲಕರಣೆಯನ್ನು ಕೊಳ್ಳಬೇಕೆಂಬುದರಷ್ಟೇ, ಯಾವುದನ್ನು ಮನೆಯೊಳಗೆ ತರಬಾರದೆಂಬ ವಿವೇಚನೆಯೂ ಇಲ್ಲಿ ಮುಖ್ಯ.

ಕಣ್ಣಿಗೆ ಕಾಣದ ಧೂಳು

ಹಸಿಮಣ್ಣು ನಿರುಪದ್ರವಿ. ಅಪಾಯವಿರುವುದು ಒಣಗಿದ ಮಣ್ಣಿನ ಧೂಳಿನಲ್ಲಿ. ಬಹುತೇಕ ಎಲ್ಲ ಜೇಡಿಮಣ್ಣಿನಲ್ಲಿಯೂ ಸಿಲಿಕಾ ಎಂಬ ಖನಿಜದ ಸೂಕ್ಷ್ಮ ಹರಳುಗಳಿರುತ್ತವೆ. ನೆಲಕ್ಕೆ ಬಿದ್ದ ಮಣ್ಣು ಒಣಗಿ ಕಾಲ್ತುಳಿತಕ್ಕೆ ಪುಡಿಯಾದಾಗ ಅತಿ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಮೂಗು ಗಂಟಲುಗಳಲ್ಲಿ ಸಿಕ್ಕಿಬೀಳದ ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತವೆ; ಸುತ್ತಲೂ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಬಹಳ ವರ್ಷಗಳ ತರುವಾಯ ಏದುಸಿರು ಮತ್ತು ಕೆಮ್ಮಿನ ರೂಪದಲ್ಲಿ ತಲೆದೋರುವ ಈ ವ್ಯಾಧಿಯನ್ನು ಪೂರ್ಣವಾಗಿ ಗುಣಪಡಿಸುವ ಔಷಧಿಯಿಲ್ಲ. ಕ್ಷಯರೋಗ ತಗಲುವ ಸಂಭವವನ್ನೂ ಇದು ಹೆಚ್ಚಿಸುತ್ತದೆ. ಉಸಿರಾಟದೊಂದಿಗೆ ಒಳಸೇರುವ ಹರಳುರೂಪದ ಸಿಲಿಕಾ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ವರ್ಗೀಕರಿಸಿದೆ.

ವಾರಕ್ಕೊಮ್ಮೆ ಮಣ್ಣು ಮುಟ್ಟುವ ಹವ್ಯಾಸಿಗೆ ಕಾರ್ಖಾನೆಯ ಕಾರ್ಮಿಕನಷ್ಟು ಅಪಾಯವಿಲ್ಲ, ನಿಜ. ಆದರೆ ಕಾರ್ಮಿಕನು ಸಂಜೆ ಕಾರ್ಖಾನೆಯನ್ನು ಬಿಟ್ಟು ಹೊರಡುತ್ತಾನೆ. ಹವ್ಯಾಸಿಯು ಅದೇ ಕೋಣೆಯಲ್ಲಿ ಮಲಗುತ್ತಾನೆ. ಈ ಕಾರಣದಿಂದ ಮನೆಯ ಕಾರ್ಯಾಗಾರಕ್ಕೆ ಮೊದಲು ಕೊಳ್ಳತಕ್ಕ ಸಲಕರಣೆ ತಿಗರಿಯಲ್ಲ. ಎರಡು ಮೂರು ಬಕೆಟ್ಟುಗಳು, ದೊಡ್ಡ ಸ್ಪಂಜು ಮತ್ತು ನೆಲ ಒರೆಸುವ ಬಟ್ಟೆ, ಇವೇ ಮೊದಲ ಖರೀದಿ.

ಸ್ಥಳ ಮತ್ತು ಮಣ್ಣು

ಮಲಗುವ ಕೋಣೆ ಮತ್ತು ಅಡುಗೆಮನೆಗಳನ್ನು ಮಣ್ಣಿನ ಕೆಲಸಕ್ಕೆ ಸರ್ವಥಾ ಬಳಸಬಾರದು. ಮುಚ್ಚಿದ ಬಾಲ್ಕನಿ ಇದ್ದರೆ ಅದೇ ಯೋಗ್ಯ ಸ್ಥಳ. ನೆಲಕ್ಕೆ ಒರೆಸಲು ಬರುವ ಹಾಸು ಇರಲಿ. ಚಾಪೆ, ಜಮಖಾನೆ, ಪರದೆಗಳು ಬೇಡ, ಏಕೆಂದರೆ ಅವು ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ.

ಮಣ್ಣನ್ನು ಪುಡಿಯ ರೂಪದಲ್ಲಿ ಕೊಳ್ಳದೆ, ಹದಗೊಳಿಸಿದ ಹಸಿಮಣ್ಣಿನ ಮುದ್ದೆಯಾಗಿಯೇ ಕೊಳ್ಳುವುದು ಲೇಸು. ಬೆಲೆ ತುಸು ಹೆಚ್ಚಾದರೂ ಧೂಳಿನ ಬಹುಭಾಗ ಮನೆಯ ಹೊಸ್ತಿಲು ದಾಟುವುದಿಲ್ಲ. ಸುಡುವ ಉಷ್ಣತೆಯನ್ನು ಅನುಸರಿಸಿ ಮಣ್ಣಿನಲ್ಲಿ ಭೇದಗಳಿವೆ. ಹೂಕುಂಡ, ಹಣತೆಗಳಿಗೆ ಬಳಸುವ ಕೆಂಪುಮಣ್ಣು ಸುಮಾರು 900ರಿಂದ 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ; ಸುಟ್ಟ ಮೇಲೂ ನೀರನ್ನು ಹೀರುತ್ತದೆ. ಸ್ಟೋನ್‌ವೇರ್ ಎಂಬ ಮಣ್ಣಿಗೆ 1200 ಡಿಗ್ರಿಗೂ ಮಿಕ್ಕ ಶಾಖ ಬೇಕು. ಅದು ಕಲ್ಲಿನಂತೆ ಗಟ್ಟಿಯಾಗಿ, ಲೋಟ ತಟ್ಟೆಗಳಿಗೆ ತಕ್ಕುದಾಗುತ್ತದೆ. ಯಾವ ಆವಿಗೆಯಲ್ಲಿ ಸುಡಿಸಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಂಡು ಅದಕ್ಕೆ ಹೊಂದುವ ಮಣ್ಣನ್ನು ಆರಿಸಬೇಕು. ಕೆಂಪುಮಣ್ಣಿನ ಪಾತ್ರೆಯನ್ನು ಸ್ಟೋನ್‌ವೇರಿನ ಶಾಖಕ್ಕೆ ಒಡ್ಡಿದರೆ ಅದು ಕರಗಿ ಆವಿಗೆಯ ಹಲಗೆಯನ್ನೇ ಹಾಳುಗೆಡವೀತು.

ಕುಂಬಾರಿಕೆಗೆ ಹೆಸರಾದ ಬೆಳಗಾವಿ ಜಿಲ್ಲೆಯ ಖಾನಾಪುರದ ಮಣ್ಣು ಕನ್ನಡಿಗರಿಗೆ ಪರಿಚಿತ. ಹೊರನಾಡಿನಲ್ಲಿಯೂ ತಿಳಿದವರು ಹತ್ತಿರದಲ್ಲಿಯೇ ಇದ್ದಾರೆ. ಮುಂಬಯಿಯವರಿಗೆ ಧಾರಾವಿಯಲ್ಲಿ ಸೌರಾಷ್ಟ್ರ ಮೂಲದ ಕುಂಬಾರರು ನೆಲೆಗೊಳಿಸಿದ ಕುಂಭಾರವಾಡಾ ಇದೆ. ದೆಹಲಿಯವರಿಗೆ ಉತ್ತಮ ನಗರದ ಕುಂಬಾರರ ಬಡಾವಣೆಯೂ, ಉತ್ತರ ಪ್ರದೇಶದ ಖುರ್ಜಾ ಪಟ್ಟಣವೂ ದೂರವಲ್ಲ. ಚೆನ್ನೈಯವರಿಗೆ 1971ರಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಆರಂಭವಾದ ಪುದುಚೇರಿ ಸಮೀಪ. ಇಂಥ ಸ್ಥಳಗಳಿಗೆ ಒಮ್ಮೆ ಹೋಗಿ ಕಸುಬಿನವರು ಮಣ್ಣನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ಬಗೆಯನ್ನು ನೋಡಿದರೆ ಪುಸ್ತಕದಲ್ಲಿ ದೊರೆಯದ ತಿಳಿವಳಿಕೆ ದೊರೆಯುತ್ತದೆ.

ತಂದ ಮಣ್ಣನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮುಚ್ಚಳವಿರುವ ಡಬ್ಬದಲ್ಲಿಡಬೇಕು. ದೆಹಲಿ, ಹೈದರಾಬಾದುಗಳ ಬೇಸಿಗೆಯಲ್ಲಿ ಒದ್ದೆಬಟ್ಟೆಯನ್ನು ಸುತ್ತಿಡುವುದು ಅಗತ್ಯ. ಮುಂಬಯಿಯ ಮಳೆಗಾಲದಲ್ಲಿ ಅದೇ ಮಣ್ಣಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಮಣ್ಣು ಕೆಡುವುದಿಲ್ಲವಾದರೂ ಆಸ್ತಮಾ ಉಳ್ಳವರು ಅದನ್ನು ಬರಿಗೈಯಿಂದ ಕೆದಕಬಾರದು.

ತಿಗರಿ ಮತ್ತು ಕೈಸಲಕರಣೆ

ಆರಂಭದಲ್ಲಿಯೇ ವಿದ್ಯುತ್ ತಿಗರಿಗೆ ಹಣ ಸುರಿಯುವ ಅಗತ್ಯವಿಲ್ಲ. ಚಿವುಟಿ, ಹೊಸೆದು, ಹಲಗೆಯಾಗಿ ಲಟ್ಟಿಸಿ ಮಾಡುವ ಕೈಕೆಲಸಕ್ಕೆ ಅಡುಗೆಯಿಂದ ಬೇರೆಯಾಗಿ ಇಟ್ಟ ಒಂದು ಲಟ್ಟಣಿಗೆ, ಮಣ್ಣು ಕತ್ತರಿಸುವ ತಂತಿ, ಬಿದಿರಿನ ಚಾಕು, ಒಂದು ಸೂಜಿ, ನಯವಾಗಿ ಉಜ್ಜಿದ ತೆಂಗಿನ ಚಿಪ್ಪಿನ ತುಂಡು, ಇಷ್ಟು ಸಾಕು. ಆರು ತಿಂಗಳು ಹೀಗೆ ದುಡಿದ ಮೇಲೂ ಆಸಕ್ತಿ ಕುಂದದಿದ್ದರೆ ತಿಗರಿಯ ವಿಚಾರ ಮಾಡಬಹುದು.

ವಿದ್ಯುತ್ ತಿಗರಿಯನ್ನು ಕೊಳ್ಳುವಾಗ ಅಂದಕ್ಕಿಂತ ಮೂರು ಸಂಗತಿಗಳನ್ನು ನೋಡಬೇಕು. ನಿಧಾನ ವೇಗದಲ್ಲಿಯೂ, ಮಣ್ಣನ್ನು ಒತ್ತಿ ಹಿಡಿದಾಗಲೂ ಚಕ್ರ ತಡೆಯದೆ ತಿರುಗಬೇಕು. ಸದ್ದು ಕಡಿಮೆಯಿರಬೇಕು, ಕೆಳಮನೆಯವರ ನೆಮ್ಮದಿಯೂ ಮುಖ್ಯವಷ್ಟೆ. ಕೆಸರುನೀರನ್ನು ಹಿಡಿಯುವ ತಟ್ಟೆಯನ್ನು ಸುಲಭವಾಗಿ ಬಿಚ್ಚಿ ತೊಳೆಯುವಂತಿರಬೇಕು. ನೀರೂ ವಿದ್ಯುತ್ತೂ ಒಂದೆಡೆ ಸೇರುವುದರಿಂದ ಭೂಸಂಪರ್ಕವುಳ್ಳ ಮೂರು ಕಡ್ಡಿಯ ಪ್ಲಗ್ಗನ್ನೇ ಬಳಸಿ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ನರಿಂದ ಹಾಕಿಸಿಕೊಳ್ಳಬೇಕು. ಒದ್ದೆಗೈಯಿಂದ ಸ್ವಿಚ್ ಮುಟ್ಟಬಾರದು. ಬೆಲ್ಟ್ ಸಡಿಲವಾಗಿದೆಯೇ, ಬೇರಿಂಗಿನಲ್ಲಿ ಕರಕರ ಶಬ್ದವಿದೆಯೇ ಎಂದು ಆಗಾಗ್ಗೆ ಗಮನಿಸುತ್ತಿದ್ದರೆ ಯಂತ್ರ ಬಹುಕಾಲ ಬಾಳುತ್ತದೆ.

ಬೆನ್ನುನೋವು ತಿಗರಿಯ ಮುಂದೆ ಕೂಡುವವರ ಸಾಮಾನ್ಯ ದೂರು. ಮುಂದಕ್ಕೆ ಬಾಗಿ ಗೂನಾಗದಂತೆ ಪೀಠದ ಎತ್ತರವನ್ನು ಹೊಂದಿಸಿಕೊಂಡು, ಮೊಣಕೈಗಳನ್ನು ತೊಡೆಗೆ ಊರಿ ದುಡಿಯಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಬೆನ್ನನ್ನು ನೆಟ್ಟಗೆ ಮಾಡಿ ನಾಲ್ಕು ಹೆಜ್ಜೆ ನಡೆಯುವುದು ಹಿತಕರ. ಕೆಲಸ ಮುಗಿದ ಮೇಲೆ ಕೈಗೆ ಕೊಬ್ಬರಿಎಣ್ಣೆ ಸವರಿಕೊಂಡರೆ ಚರ್ಮ ಬಿರಿಯುವುದು ತಪ್ಪುತ್ತದೆ.

ಮೆರುಗಿನ ಆಯ್ಕೆ

ಪಾತ್ರೆಗೆ ಗಾಜಿನಂಥ ಹೊಳಪನ್ನು ಕೊಡುವ ಮೆರುಗು, ಅಂದರೆ ಗ್ಲೇಜ್, ಅತ್ಯಂತ ಎಚ್ಚರದಿಂದ ಕೊಳ್ಳತಕ್ಕ ವಸ್ತು. ಕಡಿಮೆ ಶಾಖದಲ್ಲಿ ಸುಲಭವಾಗಿ ಕರಗುವುದೆಂಬ ಕಾರಣದಿಂದ ಶತಮಾನಗಳ ಕಾಲ ಮೆರುಗಿಗೆ ಸೀಸವನ್ನು ಬೆರೆಸುತ್ತಿದ್ದರು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಪ್ರಕಟಿಸಿದ ವೃತ್ತಿರೋಗಗಳ ಗ್ರಂಥದಲ್ಲಿ, ಸೀಸದ ಮೆರುಗನ್ನು ಬಳಸುವ ಕುಂಬಾರರ ಕೈಗಳು ನಡುಗಿ ಶಕ್ತಿಗುಂದುವುದನ್ನು ವರ್ಣಿಸಿದ್ದಾನೆ. ಮೂರು ಶತಮಾನಗಳು ಕಳೆದರೂ ಈ ವಿಷವು ಪೂರ್ಣವಾಗಿ ಮರೆಯಾಗಿಲ್ಲ.

ಸೀಸದ ಮೆರುಗುಳ್ಳ ಪಾತ್ರೆಯಲ್ಲಿ ಹುಣಿಸೆಹಣ್ಣಿನ ಹುಳಿ, ನಿಂಬೆಕಾಯಿ ಉಪ್ಪಿನಕಾಯಿ, ಮೊಸರು ಮೊದಲಾದ ಹುಳಿ ಪದಾರ್ಥಗಳನ್ನು ಇಟ್ಟರೆ ಸೀಸವು ಆಹಾರಕ್ಕೆ ಇಳಿಯುತ್ತದೆ. ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ಅದು ಗೊತ್ತಾಗುವುದಿಲ್ಲ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಅಲ್ಪಪ್ರಮಾಣದ ಸೀಸವೂ ಕುಂಠಿತಗೊಳಿಸಬಲ್ಲದು. ಆದಕಾರಣ ಸೀಸ, ಕ್ಯಾಡ್ಮಿಯಂ ಮತ್ತು ಬೇರಿಯಂ ಇಲ್ಲವೆಂದು ತಯಾರಕರು ಸ್ಪಷ್ಟವಾಗಿ ನಮೂದಿಸಿದ, ಕಲಸಿದ ದ್ರವರೂಪದ ಮೆರುಗನ್ನೇ ಕೊಳ್ಳಬೇಕು. ಪಟ್ಟಿಯಿಲ್ಲದ ಬಿಡಿಪುಡಿ ಎಷ್ಟೇ ಅಗ್ಗವಾಗಿದ್ದರೂ ಬೇಡ. ಮೆರುಗಿನ ಮೇಲೆ ನಿಂಬೆಹೋಳನ್ನು ರಾತ್ರಿಯಿಡೀ ಇಟ್ಟು ನೋಡುವ ಪರೀಕ್ಷೆಯೊಂದಿದೆ. ಬಣ್ಣ ಮಾಸಿದರೆ ಆ ಪಾತ್ರೆ ಊಟಕ್ಕೆ ಅಯೋಗ್ಯ. ಆದರೆ ಬಣ್ಣ ಮಾಸದಿದ್ದ ಮಾತ್ರಕ್ಕೆ ಸೀಸವಿಲ್ಲವೆಂದು ಹೇಳಲಾಗದು. ಅದನ್ನು ಪ್ರಯೋಗಶಾಲೆಯೇ ಹೇಳಬೇಕು. ಸಂದೇಹವಿದ್ದ ಪಾತ್ರೆಯನ್ನು ಹೂದಾನಿಯಾಗಿ ಇಟ್ಟುಕೊಳ್ಳುವುದೇ ಕ್ಷೇಮ.

ಆವಿಗೆ ಮನೆಯಲ್ಲಿ ಬೇಕೆ?

ಫ್ಲ್ಯಾಟಿನಲ್ಲಿ ವಾಸಿಸುವವರಿಗೆ ಬೇಡವೆಂಬುದೇ ನೇರವಾದ ಉತ್ತರ. ವಿದ್ಯುತ್ ಆವಿಗೆಯಲ್ಲಿ ಬೆಂಕಿ ಕಾಣದಿದ್ದರೂ, ಸುಡುವಾಗ ಮಣ್ಣಿನೊಳಗಿನ ಸಾವಯವ ಅಂಶವೂ ಗಂಧಕವೂ ಉರಿದು ಕಾರ್ಬನ್ ಮಾನಾಕ್ಸೈಡ್, ಗಂಧಕದ ಡೈಆಕ್ಸೈಡ್ ಮುಂತಾದ ಅನಿಲಗಳು ಹೊರಬೀಳುತ್ತವೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಂತಕ. ಪಾತ್ರೆಗಳನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಹೊರಗಿನ ಆವಿಗೆಯಲ್ಲಿ ಬಾಡಿಗೆ ಕೊಟ್ಟು ಸುಡಿಸಿಕೊಳ್ಳುವುದು ಹಣಕ್ಕೂ ಆರೋಗ್ಯಕ್ಕೂ ಉಳಿತಾಯ. ಒಳಗೆ ತೇವ ಉಳಿದಿದ್ದರೆ ಅದು ಉಗಿಯಾಗಿ ಪಾತ್ರೆಯನ್ನು ಸಿಡಿಸಿ ಪಕ್ಕದ ಪಾತ್ರೆಗಳನ್ನೂ ಕೆಡಿಸುತ್ತದೆ. ಕೆನ್ನೆಗೆ ಒತ್ತಿದಾಗ ತಣ್ಣಗೆನಿಸಿದರೆ ಇನ್ನೂ ತೇವವಿದೆಯೆಂದು ತಿಳಿಯಬೇಕು.

ಸ್ವಂತ ನೆಲವೂ ಪ್ರತ್ಯೇಕ ಕೊಠಡಿಯೂ ಉಳ್ಳವರು ಮಾತ್ರ ಆವಿಗೆಯ ಯೋಚನೆ ಮಾಡಬಹುದು. ಅದಕ್ಕೆ ಬೇರೆಯೇ ವಿದ್ಯುತ್ ತಂತಿ, ಗೋಡೆಯಿಂದ ಸಾಕಷ್ಟು ಅಂತರ, ಹೊಗೆಯನ್ನು ಹೊರಗೆಳೆಯುವ ಫ್ಯಾನು, ಮಕ್ಕಳು ಒಳಬಾರದಂತೆ ಬೀಗ, ಇವೆಲ್ಲ ಅವಶ್ಯ. ಶಾಖದ ಅಳತೆಗೆ ಜರ್ಮನಿಯ ಹರ್ಮನ್ ಸೆಗರ್ 1886ರಲ್ಲಿ ರೂಪಿಸಿದ ಶಂಕುಗಳ ಮಾದರಿ ಇಂದಿಗೂ ಬಳಕೆಯಲ್ಲಿದೆ. ನಿಗದಿತ ಶಾಖ ತಗಲಿದಾಗ ಶಂಕು ಮೆತ್ತಗಾಗಿ ಬಾಗುತ್ತದೆ. ಉರಿಯುವ ಆವಿಗೆಯ ಕಿಂಡಿಯಲ್ಲಿ ಅದನ್ನು ಬರಿಗಣ್ಣಿನಿಂದ ನೋಡಬಾರದು, ತಕ್ಕ ಕನ್ನಡಕ ಧರಿಸಬೇಕು.

ನಿತ್ಯದ ಪಾಲನೆ

ಇಷ್ಟೆಲ್ಲ ಆಯ್ಕೆಗಳ ಬಳಿಕ ಆರೋಗ್ಯವನ್ನು ಕಾಯುವುದು ಪ್ರತಿದಿನದ ಶುಚಿತ್ವವೇ. ಮಣ್ಣು ಒಣಗುವ ಮುನ್ನವೇ ಮೇಜನ್ನೂ ನೆಲವನ್ನೂ ಒದ್ದೆಬಟ್ಟೆಯಿಂದ ಒರೆಸಬೇಕು, ಪೊರಕೆಯನ್ನು ಮುಟ್ಟಲೇಬಾರದು. ಸಾಧಾರಣ ವ್ಯಾಕ್ಯೂಮ್ ಯಂತ್ರವೂ ಸೂಕ್ಷ್ಮ ಧೂಳನ್ನು ಹಿಂದಿನಿಂದ ಉಗುಳುತ್ತದೆ. ಒಣಗಿದ ಪಾತ್ರೆಯನ್ನು ಮರಳುಕಾಗದದಿಂದ ಉಜ್ಜುವ ಬದಲು, ತೇವವಿರುವಾಗಲೇ ಸ್ಪಂಜಿನಿಂದ ನಯಗೊಳಿಸಬೇಕು. ಪುಡಿಯನ್ನು ಮುಟ್ಟುವುದು ಅನಿವಾರ್ಯವಾದಾಗ ಎನ್-95 ದರ್ಜೆಯ ಮುಖವಾಡವಿರಲಿ. ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. ಕೆಲಸದ ಉಡುಪನ್ನು ಮನೆಯವರ ಬಟ್ಟೆಗಳೊಡನೆ ಬೆರೆಸದೆ ಪ್ರತ್ಯೇಕವಾಗಿ ಒಗೆಯಬೇಕು.

ಕೈ ತೊಳೆದ ಕೆಸರುನೀರನ್ನು ಬಚ್ಚಲಿಗೆ ಚೆಲ್ಲಿದರೆ ಕೊಳವೆ ಕಟ್ಟಿಕೊಂಡು ಇಡೀ ಕಟ್ಟಡದವರ ನಿಷ್ಠುರಕ್ಕೆ ಗುರಿಯಾಗಬೇಕಾದೀತು. ಬಕೆಟ್ಟಿನಲ್ಲಿ ರಾತ್ರಿ ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ. ಮೇಲಿನ ತಿಳಿನೀರನ್ನು ಮತ್ತೆ ಬಳಸಬಹುದು. ನೀರಿನ ಅಭಾವವಿರುವ ಊರುಗಳಲ್ಲಿ ಇದು ದೊಡ್ಡ ಉಪಕಾರ. ತಳದ ಮಣ್ಣನ್ನು ಪ್ಲಾಸ್ಟರಿನ ಹಲಗೆಯ ಮೇಲೆ ಹರಡಿ ನೀರು ಇಂಗಿಸಿ ಪುನಃ ಹದಮಾಡಬಹುದು. ಆದರೆ ಪ್ಲಾಸ್ಟರಿನ ಚೂರು ಮಣ್ಣಿಗೆ ಬೆರೆಯಕೂಡದು. ಬೆರೆತರೆ ಸುಟ್ಟ ಪಾತ್ರೆ ಆಮೇಲೆ ಚಕ್ಕೆ ಏಳುತ್ತದೆ.

ಕಡೆಯದಾಗಿ ಒಂದು ಮಾತು. ದೀರ್ಘಕಾಲದ ಕೆಮ್ಮು ಅಥವಾ ಏದುಸಿರಿಗಾಗಿ ವೈದ್ಯರನ್ನು ಕಂಡಾಗ, ಹವ್ಯಾಸದ ವಿಷಯವನ್ನು ಅವರು ಕೇಳದಿದ್ದರೂ ಹೇಳಬೇಕು. ರೋಗಿಯು ಬ್ಯಾಂಕಿನ ನೌಕರನೆಂದು ಬರೆದುಕೊಂಡ ವೈದ್ಯರಿಗೆ, ಆತ ಹತ್ತು ವರ್ಷಗಳಿಂದ ಮಣ್ಣಿನ ಧೂಳಿನ ನಡುವೆ ಇದ್ದಾನೆಂಬುದು ತಾನಾಗಿ ತಿಳಿಯುವುದಿಲ್ಲ. ಎಚ್ಚರದಿಂದ ನಡೆದುಕೊಳ್ಳುವ ಮನೆಗಳಲ್ಲಿ ಈ ಹವ್ಯಾಸಕ್ಕೆ ಹೆದರಬೇಕಾದ ಕಾರಣವಿಲ್ಲ. ಈ ವರ್ಷದ ದೀಪಾವಳಿಗೆ ಮಕ್ಕಳೊಡನೆ ಕುಳಿತು ಹಸಿಮಣ್ಣಿನ ಹತ್ತು ಹಣತೆಗಳನ್ನು ಮಾಡಿ, ಕೆಲಸ ಮುಗಿದೊಡನೆ ಅವರಿಂದಲೇ ಒದ್ದೆಬಟ್ಟೆಯಲ್ಲಿ ನೆಲ ಒರೆಸಿಸಿದರೆ, ಕಸುಬಿನ ಮೊದಲ ಎರಡು ಪಾಠಗಳೂ ಒಂದೇ ದಿನ ಆದಂತಾಗುತ್ತದೆ.