ಮಳೆ ನೋಡಿ ಮನೆ ಕಟ್ಟು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತಾರಲ್ಲ, ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆ ಬಿಚ್ಚುವ ಮಾತು ಬಂದಾಗ. ಪಶ್ಚಿಮದ ಮೂಲೆಯ ಎರಡು ಕಂಬಗಳ ಬುಡ ಕೊಳೆತಿತ್ತು. ‘ಸಾಕು ಈ ಮರದ ಸಹವಾಸ. ಆರ್‌ಸಿಸಿ ಹಾಕ್ಸಿ ನಿಶ್ಚಿಂತೆಯಾಗಿರೋಣ’ ಅಂದ್ರು ಅಪ್ಪ.

ಕೋಡ್ ಬರೆಯುವ ನನಗೆ, ತಪ್ಪು ಎಲ್ಲಿದೆ ಅಂತ ಹುಡುಕದೆ ಎಲ್ಲವನ್ನೂ ಅಳಿಸುವುದು ಒಗ್ಗದು. ಆಚಾರ್ರ ಜೊತೆ ಒಂದೊಂದೇ ಕಂಬ ನೋಡಿದೆ. ಎಲ್ಲವೂ ಹಲಸಿನ ಮರವೇ. ಕಲ್ಲಿನ ಮೇಲೆ ನಿಂತವು ಗಟ್ಟಿಯಾಗಿದ್ದವು. ಕೊಳೆತ ಎರಡರ ಬುಡವನ್ನು ಮಾತ್ರ ಹಿಂದೊಮ್ಮೆ ನೆಲ ಎತ್ತರಿಸುವಾಗ ಸಿಮೆಂಟಿನಲ್ಲಿ ಹೂತಿದ್ದರು. ಒಳಗೆ ಸೇರಿದ ನೀರು ಆರಲೇ ಇಲ್ಲ. ಮರಕ್ಕೆ ಮಳೆ ಶತ್ರುವಲ್ಲ, ಒಣಗಲು ಬಿಡದ ತೇವ ಶತ್ರು. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ.

ಅಪ್ಪನನ್ನು ಕುಪ್ಪಳಿಗೆ, ಕುವೆಂಪು ಅವರ ಮನೆಗೆ ಕರ್ಕೊಂಡು ಹೋದೆ. ಆ ತೊಟ್ಟಿಮನೆಯ ಕಂಬ ಮುಟ್ಟಿ ನೋಡಿ ಸುಮ್ಮನಾದರು. ನಮ್ಮ ಕಡೆ ಆರ್‌ಸಿಸಿ ತಾರಸಿ ಸೋರುತ್ತೆ ಅಂತ ಅದರ ಮೇಲೆ ಮತ್ತೆ ಶೀಟು ಹೊದೆಸುವುದನ್ನೂ ಅವರು ನೋಡಿದ್ದರು. ಕೊನೆಗೆ ಒಪ್ಪಿದರು.

ಪ್ಲಾನು ಹೀಗಾಯ್ತು: ಎರಡೂವರೆ ಅಡಿ ಎತ್ತರದ ಜಂಬಿಟ್ಟಿಗೆ ಪಂಚಾಂಗ, ಪ್ರತಿ ಕಂಬದಡಿ ಕಲ್ಲು. ಹೆಂಚಿನ ಮಾಡಿಗೆ 30 ಡಿಗ್ರಿ ಇಳಿಜಾರು, ಸೂರು ಗೋಡೆಯಿಂದ ಮೂರು ಅಡಿ ಮುಂದೆ. ಜಡಿಮಳೆ ಹೊಡೆಯುವುದು ನೈಋತ್ಯದಿಂದ. ಹಾಗಾಗಿ ಬಚ್ಚಲು, ಸೌದೆ ಕೊಟ್ಟಿಗೆ ಪಶ್ಚಿಮಕ್ಕೆ, ಮಲಗುವ ಕೋಣೆ ಪೂರ್ವಕ್ಕೆ. ಹಿಂದೆ ಅಟ್ಟವನ್ನು ಒಲೆಯ ಹೊಗೆ ಬೆಚ್ಚಗಿಡುತ್ತಿತ್ತು. ಈಗ ಗ್ಯಾಸ್. ಅದಕ್ಕೇ ಅಟ್ಟದ ಎರಡೂ ತುದಿಗೆ ಗಾಳಿಯಾಡಲು ಜಾಲಂದ್ರ ಇಟ್ಟೆವು.

ಹಳೇ ತೊಲೆ, ಕಂಬಗಳನ್ನೇ ಮತ್ತೆ ಬಳಸಿದೆವು. ಸಾಲದ್ದಕ್ಕೆ ತಂದ ಹಲಸಿನಲ್ಲಿ ಹಳದಿ ತಿರುಳು ಮಾತ್ರ ಆರಿಸಿಕೊಂಡೆವು. ಹೊರಗಿನ ಬಿಳಿ ಭಾಗ ಗೆದ್ದಲಿಗೆ ಹಬ್ಬದೂಟ. ಆ ಎರಡು ಕಂಬಗಳ ಕೊಳೆತ ಬುಡ ಕತ್ತರಿಸಿ, ಎತ್ತರದ ಕಲ್ಲಿನ ಮೇಲೆ ಜಗಲಿಯಲ್ಲಿ ನಿಲ್ಲಿಸಿದೆವು. ಹೋದ ಆಷಾಢದ ಒಂದು ರಾತ್ರಿ ಅಪ್ಪ ಟಾರ್ಚ್ ಹಿಡಿದು ಅವುಗಳ ಬುಡ ಮುಟ್ಟಿ ಬಂದು, ‘ಒಣಗೇ ಇದೆ ಮಾರಾಯ’ ಅಂದ್ರು.

ನೀವೂ ಮರದ ಮನೆ ಕಟ್ಟಿಸೋದಾದ್ರೆ, ಪ್ಲಾನ್ ಬರೆಸುವ ಮೊದಲು ಒಂದು ಮಳೆಗಾಲ ಆ ಜಾಗದಲ್ಲಿ ನಿಂತು ನೋಡಿ. ನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಬರೆದಿಟ್ಟುಕೊಳ್ಳಿ. ಸ್ವಂತ ಜಾಗದ ಮರವಾದರೂ ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.