ವೀಡಿಯೊ ಸಂಕಲನ ತಂತ್ರಾಂಶದ ಆವೃತ್ತಿ ಬದಲಾವಣೆ

ವೀಡಿಯೊ ಸಂಕಲನ ತಂತ್ರಾಂಶದ ಆವೃತ್ತಿ ಬದಲಾವಣೆ ಎಂದರೆ ದೃಶ್ಯ ಹಾಗೂ ಧ್ವನಿಯ ತುಣುಕುಗಳನ್ನು ಕತ್ತರಿಸಿ ಜೋಡಿಸಲು ಬಳಸುವ ತಂತ್ರಾಂಶದ ಹಳೆಯ ಆವೃತ್ತಿಯಿಂದ ಹೊಸ ಆವೃತ್ತಿಗೆ ಕೆಲಸವನ್ನು ವರ್ಗಾಯಿಸುವ ಪ್ರಕ್ರಿಯೆ. ಹೊಸ ಆವೃತ್ತಿಯಲ್ಲಿ ಹೆಚ್ಚಿನ ವೇಗ ಮತ್ತು ಸೌಲಭ್ಯಗಳು ದೊರೆಯುತ್ತವೆ. ಆದರೆ ಹಳೆಯ ಕೆಲಸ ತೆರೆಯದಿರುವುದು, ಅಕ್ಷರಗಳು ಕೆಡುವುದು, ರೂಢಿಯಾದ ಸೌಲಭ್ಯಗಳು ಇಲ್ಲವಾಗುವುದು ಮುಂತಾದ ತೊಡಕುಗಳೂ ಉಂಟಾಗಬಹುದು.

ಯೋಜನಾ ಕಡತದ ಸ್ವರೂಪ

ಸಂಕಲನ ತಂತ್ರಾಂಶವು ಮೂಲ ದೃಶ್ಯಗಳನ್ನು ಬದಲಿಸುವುದಿಲ್ಲ. ಯಾವ ತುಣುಕು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕು, ಅದರ ಮೇಲೆ ಯಾವ ಪರಿಣಾಮ ಮತ್ತು ಶೀರ್ಷಿಕೆ ಇರಬೇಕು ಎಂಬ ಸೂಚನೆಗಳನ್ನು ಮಾತ್ರ ‘ಯೋಜನಾ ಕಡತ’ದಲ್ಲಿ ದಾಖಲಿಸುತ್ತದೆ. ಈ ಕಡತವನ್ನು ಬರೆಯುವ ಕ್ರಮ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಹೀಗಾಗಿ ಮೂಲ ದೃಶ್ಯಗಳೆಲ್ಲ ಸುರಕ್ಷಿತವಾಗಿದ್ದರೂ ಯೋಜನಾ ಕಡತ ತೆರೆಯದಿದ್ದರೆ ಸಂಕಲನಕಾರನ ಶ್ರಮ ವ್ಯರ್ಥವಾಗುತ್ತದೆ.

ಸಾಮಾನ್ಯವಾಗಿ ಹೊಸ ಆವೃತ್ತಿಯು ಹಳೆಯ ಕಡತವನ್ನು ಪರಿವರ್ತಿಸಿ ತೆರೆಯಬಲ್ಲದು. ಹೊಸ ಕಡತವನ್ನು ಹಳೆಯ ಆವೃತ್ತಿ ತೆರೆಯಲಾರದು. ಅಡೋಬಿ ಪ್ರೀಮಿಯರ್ ಪ್ರೊ ಹಳೆಯ ಯೋಜನೆಯನ್ನು ಪರಿವರ್ತಿಸುವ ಮೊದಲು ಬಳಕೆದಾರರ ಒಪ್ಪಿಗೆ ಕೇಳುತ್ತದೆ. ಮುಕ್ತ ತಂತ್ರಾಂಶವಾದ ಕೆಡೆನ್‌ಲೈವ್‌ನ 20.08 ಆವೃತ್ತಿಯಲ್ಲಿ ದಶಮಾಂಶ ಚಿಹ್ನೆಯನ್ನು ಬರೆಯುವ ಕ್ರಮ ಬದಲಾದುದರಿಂದ, ಅದರಲ್ಲಿ ಉಳಿಸಿದ ಯೋಜನೆಗಳು ಅದಕ್ಕಿಂತ ಹಿಂದಿನ ಆವೃತ್ತಿಗಳಿಗೆ ಹೊಂದುವುದಿಲ್ಲ.

ಫೈನಲ್ ಕಟ್ ಪ್ರೊ ಪ್ರಕರಣ

ಆವೃತ್ತಿ ಬದಲಾವಣೆಯಿಂದ ಉಂಟಾದ ವಿವಾದಗಳಲ್ಲಿ ಆಪಲ್ ಸಂಸ್ಥೆಯ ಫೈನಲ್ ಕಟ್ ಪ್ರೊ ತಂತ್ರಾಂಶದ್ದು ಪ್ರಸಿದ್ಧವಾದುದು. 1999ರಲ್ಲಿ ಬಿಡುಗಡೆಯಾದ ಈ ತಂತ್ರಾಂಶವು ‘ಕೋಲ್ಡ್ ಮೌಂಟನ್’ (2003), ‘ದ ಸೋಷಿಯಲ್ ನೆಟ್‌ವರ್ಕ್’ (2010) ಮೊದಲಾದ ಚಿತ್ರಗಳ ಸಂಕಲನಕ್ಕೆ ಬಳಕೆಯಾಗಿತ್ತು. 2009ರಲ್ಲಿ ಬಂದ 7ನೇ ಆವೃತ್ತಿ 32 ಬಿಟ್ ರಚನೆಯದಾಗಿದ್ದು, 4 ಜಿಬಿಗಿಂತ ಹೆಚ್ಚಿನ ಸ್ಮೃತಿಯನ್ನು ಬಳಸಲು ಅಸಮರ್ಥವಾಗಿತ್ತು.

2011ರ ಜೂನ್ 21ರಂದು ಆಪಲ್ ಸಂಪೂರ್ಣವಾಗಿ ಹೊಸದಾಗಿ ಬರೆದ 64 ಬಿಟ್‌ನ ಫೈನಲ್ ಕಟ್ ಪ್ರೊ ಎಕ್ಸ್ ಅನ್ನು 299.99 ಡಾಲರ್ ಬೆಲೆಗೆ ಬಿಡುಗಡೆ ಮಾಡಿತು. ಅದು ಹೆಚ್ಚು ವೇಗವಾಗಿದ್ದರೂ 7ನೇ ಆವೃತ್ತಿಯ ಯೋಜನೆಗಳನ್ನು ತೆರೆಯುತ್ತಿರಲಿಲ್ಲ. ಬಹುಕ್ಯಾಮೆರಾ ಸಂಕಲನ ಸೌಲಭ್ಯವನ್ನೂ ಮೊದಲಿಗೆ ಕೈಬಿಡಲಾಗಿತ್ತು. ಅದೇ ಸಮಯಕ್ಕೆ ಹಳೆಯ ಆವೃತ್ತಿಯ ಮಾರಾಟವನ್ನು ನಿಲ್ಲಿಸಿದ್ದು ವೃತ್ತಿನಿರತರ ತೀವ್ರ ಅಸಮಾಧಾನಕ್ಕೆ ಕಾರಣವಾಯಿತು. ಹಲವರು ಪ್ರೀಮಿಯರ್ ಪ್ರೊ ಹಾಗೂ ಆವಿಡ್ ತಂತ್ರಾಂಶಗಳತ್ತ ಹೊರಳಿದರು. 2012ರ ಜನವರಿಯ 10.0.3 ಆವೃತ್ತಿಯಲ್ಲಿ ಬಹುಕ್ಯಾಮೆರಾ ಸೌಲಭ್ಯ ಮರಳಿ ಬಂದಿತು.

ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡವರೂ ಇದ್ದರು. 2019ರ ಕೊರಿಯನ್ ಚಿತ್ರ ‘ಪ್ಯಾರಸೈಟ್’ ಸಂಕಲನಗೊಂಡದ್ದು ಫೈನಲ್ ಕಟ್ ಪ್ರೊ 7ರಲ್ಲಿ. ಆ ಚಿತ್ರವು ಸಂಕಲನ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

ಬಹುಕ್ಯಾಮೆರಾ ಸಂಕಲನದಲ್ಲಿ ಹಲವು ಕ್ಯಾಮೆರಾಗಳ ದೃಶ್ಯಗಳನ್ನು ಏಕಕಾಲಕ್ಕೆ ಹೊಂದಿಸಿ, ಬೇಕಾದುದನ್ನು ಆಯ್ದುಕೊಳ್ಳಲಾಗುತ್ತದೆ. ಇರುಳಿಡೀ ನಡೆಯುವ ಕರಾವಳಿಯ ಯಕ್ಷಗಾನ ಬಯಲಾಟವನ್ನು ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳಿಂದ ಚಿತ್ರೀಕರಿಸಿದಾಗ ಇಂತಹ ಸೌಲಭ್ಯ ಅಗತ್ಯ. ಅದಿಲ್ಲದಿದ್ದರೆ ಹಿಮ್ಮೇಳದ ಧ್ವನಿಗೂ ಮುಮ್ಮೇಳದ ಕುಣಿತಕ್ಕೂ ತಾಳೆಯಾಗುವಂತೆ ಪ್ರತಿಯೊಂದು ತುಣುಕನ್ನೂ ಕೈಯಿಂದಲೇ ಹೊಂದಿಸಬೇಕಾಗುತ್ತದೆ.

ಕನ್ನಡ ಅಕ್ಷರಗಳ ಸಮಸ್ಯೆ

ಕನ್ನಡದಲ್ಲಿ ಒತ್ತಕ್ಷರ ಮತ್ತು ಗುಣಿತಾಕ್ಷರಗಳು ಸರಿಯಾಗಿ ಮೂಡಬೇಕಾದರೆ ತಂತ್ರಾಂಶವು ಅಕ್ಷರ ಸಂಯೋಜನೆಯ ನಿಯಮಗಳನ್ನು ಪಾಲಿಸಬೇಕು. ಹಿಂದಿನ ಸಂಕಲನ ತಂತ್ರಾಂಶಗಳಲ್ಲಿ ಈ ಸಾಮರ್ಥ್ಯದ ಕೊರತೆಯಿದ್ದುದರಿಂದ ಶೀರ್ಷಿಕೆಗಳಿಗೆ ನುಡಿ, ಬರಹ ಮುಂತಾದವುಗಳ ಯೂನಿಕೋಡ್ ಪೂರ್ವದ ಅಕ್ಷರಶೈಲಿಗಳನ್ನು ಬಳಸುವ ರೂಢಿ ಬೆಳೆಯಿತು. ಇವುಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಇರಿಸಲಾಗಿರುತ್ತದೆ. ಹೊಸ ಗಣಕದಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ ಶೀರ್ಷಿಕೆಯು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ವ್ಯಕ್ತಿನಾಮ, ಪ್ರಸಂಗದ ಹೆಸರು ಮುಂತಾದವುಗಳನ್ನು ಆಗ ಮತ್ತೆ ಟೈಪಿಸಬೇಕಾಗುತ್ತದೆ, ಇಲ್ಲವೇ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಬೇಕಾಗುತ್ತದೆ.

ಪ್ರೀಮಿಯರ್ ಪ್ರೊದ ಇತ್ತೀಚಿನ ಆವೃತ್ತಿಗಳಲ್ಲಿ ಆದ್ಯತೆಗಳ ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ ಆಯ್ಕೆಯಿದೆ. ಇದನ್ನು ಆರಿಸಿಕೊಂಡರೆ ಯೂನಿಕೋಡ್ ಕನ್ನಡವನ್ನು ನೇರವಾಗಿ ಬಳಸಬಹುದು.

ಮುನ್ನೆಚ್ಚರಿಕೆಗಳು

ಆವೃತ್ತಿ ಬದಲಿಸುವಾಗ ಸಾಮಾನ್ಯವಾಗಿ ಪಾಲಿಸುವ ಕ್ರಮಗಳು ಇಂತಿವೆ:

• ನಡೆಯುತ್ತಿರುವ ಕೆಲಸವನ್ನು ಹಳೆಯ ಆವೃತ್ತಿಯಲ್ಲಿಯೇ ಮುಗಿಸಿ, ಮುಂದಿನ ಕೆಲಸವನ್ನು ಹೊಸದರಲ್ಲಿ ಆರಂಭಿಸುವುದು.
• ಯೋಜನಾ ಕಡತ ಹಾಗೂ ಮೂಲ ದೃಶ್ಯಗಳ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಇರಿಸುವುದು. ಡಾವಿಂಚಿ ರಿಸಾಲ್ವ್ ಯೋಜನೆಗಳನ್ನು ದತ್ತಸಂಚಯದಲ್ಲಿ ಇಡುವುದರಿಂದ ಅದರ ಪ್ರತಿಯನ್ನೂ ತೆಗೆಯಬೇಕಾಗುತ್ತದೆ.
• ಮುಗಿದ ಕೆಲಸದ ಉನ್ನತ ಗುಣಮಟ್ಟದ ಅಂತಿಮ ವೀಡಿಯೊವನ್ನು ಪ್ರತ್ಯೇಕವಾಗಿ ಉಳಿಸುವುದು. ಯೋಜನಾ ಕಡತ ಮುಂದೆ ತೆರೆಯದಿದ್ದರೂ ಈ ಪ್ರತಿ ಉಳಿಯುತ್ತದೆ.
• ಬಳಸಿದ ಅಕ್ಷರಶೈಲಿಗಳನ್ನು ಮತ್ತು ಶೀರ್ಷಿಕೆಗಳ ಪಠ್ಯವನ್ನು ಬೇರೆ ಕಡತದಲ್ಲಿ ಸಂಗ್ರಹಿಸುವುದು.
• ಪ್ಲಗಿನ್‌ಗಳು ಹೊಸ ಆವೃತ್ತಿಗೆ ಹೊಂದುತ್ತವೆಯೇ ಎಂದು ಮೊದಲೇ ಪರಿಶೀಲಿಸುವುದು.

ಇವನ್ನೂ ನೋಡಿ

• ಚಲನಚಿತ್ರ ಸಂಕಲನ
• ಯೂನಿಕೋಡ್
• ಮುಕ್ತ ತಂತ್ರಾಂಶ